ಕಿರುಬೆರಳು ಮೊದಲು ಹೇಗಿತ್ತು?

ಅಟ್ಟದಲ್ಲಿ ಕೊಬ್ಬರಿಗೆ ಬಿಟ್ಟಿದ್ದ ಕಾಯಿಗಳನ್ನು ಇಲಿ ಕಡಿಯುತ್ತಿದೆಯೇನೋ ಎಂದು ನೋಡಲು ಹತ್ತಿದ್ದೆ. ಇಳಿಯುವಾಗ ಏಣಿಯ ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟೆ. ಮುಗಿದಿರಲಿಲ್ಲ. ಬಲಗೈ ಊರಿಕೊಂಡು ಬಿದ್ದೆ.

ಯಜಮಾನರು ಬೈಕಿನಲ್ಲಿ ತಿಪಟೂರಿಗೆ ಕರೆದೊಯ್ದರು. ಡಾಕ್ಟರು ಎಕ್ಸ್‌ರೇ ನೋಡಿ, ಕಿರುಬೆರಳಿನ ಕೆಳಗೆ ಅಂಗೈಯಲ್ಲಿರುವ ಮೂಳೆ ಮುರಿದಿದೆ, ಆಪರೇಷನ್ ಬೇಡ ಎಂದು ಪ್ಲಾಸ್ಟರ್ ಹಾಕಿಸಿದರು. ಅಲ್ಲಿಂದ ಹಾಲು ಕರೆಯುವುದು, ನನ್ನ ತಲೆ ಬಾಚುವುದು, ಮುದ್ದೆ ಮುರಿದು ಬಾಯಿಗಿಡುವುದು ಎಲ್ಲಾ ಅತ್ತೆಯ ಪಾಲಿಗೆ ಬಂತು. ಜಡೆ ಎಷ್ಟು ಬಿಗಿಯಾಗಿ ಹೆಣೆಯುತ್ತಿದ್ದರೆಂದರೆ ಹುಬ್ಬು ಮೇಲೇರುತ್ತಿತ್ತು. ಬೇಡವೆನ್ನಲು ಬಾಯಿ ಬರಲಿಲ್ಲ.

ಪ್ಲಾಸ್ಟರ್ ಬಿಚ್ಚಿದಾಗ ಒಳಗಿದ್ದದ್ದು ನನ್ನ ಕೈ ಅನ್ನಿಸಲೇ ಇಲ್ಲ. ಸೊರಗಿ, ಬಿಳಿಚಿ, ಚರ್ಮ ಏಳುತ್ತಿತ್ತು. ಡಾಕ್ಟರು ಮುಷ್ಟಿ ಕಟ್ಟಿ ಅಂದರು. ಅರ್ಧ ಮಾತ್ರ ಆಯಿತು. ಕಿರುಬೆರಳು ಪಕ್ಕದ ಬೆರಳಿನ ಕಡೆ ವಾಲಿತ್ತು.

"ಇದು ಮೊದ್ಲಿಂದ್ಲೂ ಹೀಗೇನಾಮ್ಮ?"

ಎಡಗೈ ನೋಡಿದೆ. ಅದರ ಕಿರುಬೆರಳೂ ಚೂರು ಬಾಗಿತ್ತು. ಇಷ್ಟಲ್ಲ. ಅಥವಾ ಇಷ್ಟೇ ಇತ್ತೋ ಏನೋ.

"ಗೊತ್ತಾಗ್ತಿಲ್ಲ ಸಾರ್."

"ಮನೇಲಿ ಕೇಳ್ಕೊಂಡು ಬನ್ನಿ. ಮೊದ್ಲು ಹೀಗಿರ್ಲಿಲ್ಲ ಅಂದ್ರೆ ಮೂಳೆ ಸೊಟ್ಟಗೆ ಕೂಡಿದೆ ಅಂತ. ಬಿಸಿನೀರಲ್ಲಿಟ್ಟು ಬೆರಳು ಆಡಿಸ್ತಾ ಇರಿ."

ದಾರಿಯಲ್ಲೇ ಯಜಮಾನರನ್ನು ಕೇಳಿದೆ. "ನೆಟ್ಟಗಿತ್ತು" ಅಂದರು. ಸ್ವಲ್ಪ ದೂರ ಹೋದ ಮೇಲೆ, "ಇತ್ತು ಅನ್ಸುತ್ತೆ" ಅಂದರು. ತವರಿಗೆ ಫೋನ್ ಮಾಡಿದರೆ ಅವ್ವ, "ಸೊಟ್ಟ ಬೆರಳು ನಿಮ್ಮಕ್ಕನ್ದಲ್ವೇನೇ?" ಅಂದಳು. ಇಷ್ಟು ವರ್ಷ ರೊಟ್ಟಿ ತಟ್ಟಿದ, ಕಣ್ಣೆದುರೇ ಇದ್ದ ಬೆರಳು ನನಗೇ ಗೊತ್ತಿಲ್ಲವಲ್ಲ ಎಂದು ತಲೆ ಕೆಟ್ಟಂತಾಯಿತು. ಬಿಸಿನೀರಲ್ಲಿ ಕೈಯಿಟ್ಟು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಿದ್ದೆ. ನೋಡಿದಷ್ಟೂ ಎರಡೂ ಸೊಟ್ಟಗೆ ಕಾಣುತ್ತಿದ್ದವು. ಆಡಿಸಿದರೆ ನೋವು. ನೋವಾದರೆ ಒಳ್ಳೆಯದೋ ಕೆಟ್ಟದ್ದೋ, ಅದೂ ತಿಳಿಯಲಿಲ್ಲ.

ಅತ್ತೆ ಕೊಟ್ಟಿಗೆಯಿಂದ ಬಂದವರು ನೋಡಿ ನಿಂತರು.

"ಅದ್ಯಾಕ್ ಹಂಗ್ ನೋಡ್ಕತೀಯ? ನೀನು ಮದ್ವೆಯಾಗಿ ಬಂದಾಗ್ಲೇ ಹಂಗಿತ್ತು ಕಣವ್ವ. ಬಳೆ ತೊಡ್ಸೋವಾಗ ಅಡ್ಡ ಬಂದು, ಬಳೆಗಾರ ಎರಡು ಬಳೆ ಒಡೆದಾಕ್ದ. ಬುಡು ಅತ್ಲಾಗೆ."

ಬಳೆ ಒಡೆದದ್ದು ನನಗೆ ನೆನಪಿಲ್ಲ. ಆದರೂ ಮುಂದಿನ ಸಲ ಡಾಕ್ಟರಿಗೆ ಅದನ್ನೇ ಹೇಳಿದೆ. ಅವರು ಬೆರಳನ್ನು ಮಡಚಿ, ಬಿಡಿಸಿ ನೋಡಿದರು. "ಹಾಗಾದ್ರೆ ಯೋಚ್ನೆ ಇಲ್ಲ. ಮುಷ್ಟಿ ಪೂರ್ತಿ ಬರ್ತಿದೆ, ಮೂಳೆ ಕೂಡಿದೆ" ಅಂದರು.

ಈಗ ಹಾಲು ನಾನೇ ಕರೆಯುತ್ತೇನೆ. ಚಳಿ ಬಿದ್ದ ಬೆಳಿಗ್ಗೆ ಅಂಗೈ ಅಂಚು ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಅತ್ತೆಗೆ ನಿಜವಾಗಿ ನೆನಪಿತ್ತೋ, ನನ್ನ ಮುಖ ನೋಡಿ ಹಾಗೆ ಹೇಳಿದರೋ, ಇವತ್ತಿಗೂ ಗೊತ್ತಿಲ್ಲ. ಕೇಳಬೇಕು ಅನ್ನಿಸಿ ಸುಮ್ಮನಾಗಿದ್ದೇನೆ.