ಹಿತ್ತಾಳೆಯ ಬಿಲ್ಲೆ

ನನ್ನ ಅಣ್ಣ ಶಿವಪ್ಪ ಲೋಹವನ್ನು ಮೂಸಿ ನೋಡುತ್ತಿದ್ದ. ಗೋಕುಲ ರಸ್ತೆಯ ಲೇತ್ ಶಾಪಿನಲ್ಲಿ ಮೂವತ್ತು ವರ್ಷ ದುಡಿದವನು. ನಾನು ಪೇಟೆಯಿಂದ ಹೊಸ ಕೊಳಗ ತಂದರೂ ಅದು ಮೊದಲು ಅವನ ಮೂಗಿಗೆ ಹೋಗಬೇಕು. “ಹಿತ್ತಾಳಿ ಖರೇ ಐತಿ. ಬೆಸಿಗಿ ಮಾತ್ರ ಛಲೋ ಹಾಕಿಲ್ಲ,” ಎನ್ನುತ್ತಿದ್ದ. ನಾನು ನಕ್ಕರೆ, “ಸಾರಿಗೆ ಉಪ್ಪು ಕಡಿಮಿ ಆದದ್ದು ವಾಸನಿಮ್ಯಾಲೆ ನಿನಗ ತಿಳೀತೈತಿಲ್ಲೋ? ಹಂಗ ಇದು,” ಎಂದು ಕೊಳಗ ಮರಳಿ ಕೊಡುತ್ತಿದ್ದ.

ಅಣ್ಣನಿಗೆ ಮದುವೆಯಾಗಿರಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಗಬ್ಬೂರಿನ ಅವನ ಮನೆಗೆ ಬಂದೆ. ಮನೆಯಲ್ಲಿ ನಾವಿಬ್ಬರೇ. ಅಣ್ಣನ ಲೆಕ್ಕದಲ್ಲಿ ಮೂವರು. ಮೂರನೆಯದು ಗೋಡೆಯ ಕಪಾಟಿನಲ್ಲಿ ಅವ್ವನ ಇಳಕಲ್ ಸೀರೆ ಸುತ್ತಿಕೊಂಡು ನಿಂತಿದ್ದ ಮುತ್ತಜ್ಜನ ಪಲ್ಟಣದ ಬಂದೂಕು. ಅದಕ್ಕೆ ಅವನು ‘ಅಜ್ಜಾರು’ ಎನ್ನುತ್ತಿದ್ದ. ಗುಂಡು ಹಾರಿಸಲು ಬಾರದ ಬಂದೂಕು. ಆದರೂ ಲೈಸೆನ್ಸು ಮುತ್ತಜ್ಜನಿಂದ ಅಜ್ಜನಿಗೆ, ಅಪ್ಪನಿಗೆ, ಆಮೇಲೆ ಅವನಿಗೆ ಬಂದಿತ್ತು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಎಣ್ಣೆ ಒರೆಸಿ, ವಿಭೂತಿ ಹಚ್ಚಿ, ನಳಿಗೆಯ ಬಾಯಿಗೆ ಒಂದು ಸೇವಂತಿಗೆ ಇಡುತ್ತಿದ್ದ. ಎಲೆಕ್ಷನ್ ಬಂದರೆ ಎಲ್ಲರ ಬಂದೂಕು ಠಾಣೆಗೆ ಜಮಾ ಆಗಬೇಕು. ಆಗ ಪೊಲೀಸರಿಗೆ ಕೈಮುಗಿದು, “ನಿಂದ್ರಿಸಿ ಇಡ್ರಿ ಸಾಹೇಬ್ರ, ಮಲಗಸಬ್ಯಾಡ್ರಿ,” ಎಂದು ಹೇಳಿ ಬರುತ್ತಿದ್ದ. ಆ ತಿಂಗಳು ಊಟಕ್ಕೆ ಕುಳಿತಾಗ ಖಾಲಿ ಕಪಾಟಿನ ಕಡೆಗೇ ನೋಡುತ್ತಿದ್ದ.

ಅವನಿಗಿದ್ದ ಕೊರಗು ಒಂದೇ. ಮುತ್ತಜ್ಜ ಸಿಪಾಯಿಯಲ್ಲ, ಪಲ್ಟಣದ ಅಡುಗೆಯವ ಎಂದು ಓಣಿಯ ಮಂದಿ ಆಡಿಕೊಳ್ಳುತ್ತಿದ್ದರು. ಎದುರು ಮನೆಯ ಬಸಣ್ಣ ಕಾಕಾ ಕಟ್ಟೆಯಿಂದಲೇ ಶುರು ಮಾಡುತ್ತಿದ್ದ. “ಏನೋ ಶಿವಪ್ಪ, ನಿಮ್ಮ ಮುತ್ತಜ್ಜ ಪಲ್ಟಣದಾಗ ರೊಟ್ಟಿ ಬಡೀತಿದ್ದನಂತ.”

“ರೊಟ್ಟಿ ಬಡಿಯಾವಗ ಬಂದೂಕ ಯಾಕ ಕೊಡ್ತಾರ ಕಾಕಾ?”

“ಒಲಿ ಊದಾಕ ಕೊಟ್ಟಿರಬೇಕು.”

ಓಣಿಯೆಲ್ಲ ನಗುತ್ತಿತ್ತು. ಅಣ್ಣನೂ ನಗುತ್ತಿದ್ದ. ಒಳಗೆ ಬಂದು ಮಾತ್ರ, “ಒಂದಿನ ಗೊತ್ತ ಮಾಡಿ ತೋರಸ್ತೇನಿ ಗಂಗಾ,” ಎನ್ನುತ್ತಿದ್ದ.

ಆ ದಿನ ಬಂತು. ಹಳೆಯ ಆಯುಧಗಳನ್ನು ಗುರುತಿಸಿ ಬೆಲೆ ಹೇಳುವ ಒಬ್ಬ ನಿವೃತ್ತ ಮಾಸ್ತರರು ಧಾರವಾಡದಲ್ಲಿದ್ದರು. ಅಣ್ಣ ನಾಲ್ಕು ಸಲ ಅಲೆದು ಅವರನ್ನು ಮನೆಗೆ ಬರಲು ಒಪ್ಪಿಸಿದ. ಬೆಳಿಗ್ಗೆ ಬಂದೂಕನ್ನು ಮಣೆಯ ಮೇಲಿಟ್ಟು, ಅವರನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದ.

ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ದೊಡ್ಡವರು ಮನೆಗೆ ಬಂದರೆ ಏನು ಮಾತಾಡಬೇಕು ಎಂಬುದು ತಿಳಿಯದು. ತಿಕ್ಕುವುದು, ತೊಳೆಯುವುದು ತಿಳಿಯುತ್ತದೆ. ತಂಬಿಗೆ ತಿಕ್ಕಿದೆ, ದೀಪದ ಸಮೆ ತಿಕ್ಕಿದೆ. ಆಮೇಲೆ ಕಣ್ಣು ಬಂದೂಕಿನ ಮೇಲೆ ಬಿತ್ತು. ಅದರ ಕಟ್ಟಿಗೆಯ ಹಿಡಿಯಲ್ಲಿ ಹಳೆಯ ರೂಪಾಯಿಯಷ್ಟಗಲದ ಹಿತ್ತಾಳೆಯ ಬಿಲ್ಲೆ ಕೂಡಿಸಿದ್ದರು. ಕರ್ರಗಾಗಿತ್ತು. ಅದರ ಮೇಲೆ ಸವೆದ ಗೀರುಗಳಿದ್ದವು. ಕಿಲುಬು ಎಂದುಕೊಂಡೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ಅಣ್ಣನ ಪೆಟ್ಟಿಗೆಯಿಂದ ಪಾಲಿಶ್ ಪೇಪರ್ ತಂದು, ಆ ಗೀರುಗಳು ಹೋಗುವ ತನಕ ಉಜ್ಜಿ, ಮತ್ತೆ ಹುಣಸೆಹಣ್ಣು ಹಚ್ಚಿ ಒರೆಸಿದೆ. ಬಂಗಾರದಂತೆ ಹೊಳೆಯಿತು. ಅಣ್ಣ ಖುಷಿಪಡುತ್ತಾನೆ ಎಂದುಕೊಂಡೆ.

ಮಾಸ್ತರರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕೆಳಗಿನ ಸನ್ನೆಕೋಲು ಎಳೆದರೆ ಗುಂಡು ತುಂಬುವ ಬಾಯಿ ತೆರೆಯುತ್ತಿತ್ತು. ಒಮ್ಮೆಗೆ ಒಂದೇ ತೋಟಾ. ಪಕ್ಕದಲ್ಲಿ ಕಿರೀಟದ ಮುದ್ರೆ. “ಖರೇ ಪಲ್ಟಣದ್ದ ಐತ್ರಿ. ವಿಲಾಯತಿ ಮಾಲು, ನೂರು ವರ್ಷಕ್ಕಿಂತ ಹಳೇದು,” ಎಂದರು. ಅಣ್ಣ ನನ್ನ ಕಡೆ ನೋಡಿ ನಕ್ಕ. ಮಾಸ್ತರರು ಹಿಡಿಯನ್ನು ಹೊರಳಿಸಿದರು. ಬಿಲ್ಲೆಯನ್ನು ಬೆಳಕಿಗೆ ಹಿಡಿದರು.

“ಇದನ್ನ ಯಾರ ತಿಕ್ಯಾರ?”

ಮಾಸ್ತರರು ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿದರು.

“ಈ ಬಿಲ್ಲೆಮ್ಯಾಲ ಪಲ್ಟಣದ ಹೆಸರು, ನಂಬರ ಹೊಡದಿರ್ತಾರ್ರಿ. ಅದಿದ್ರ ಬೆಲಿನೂ ಬ್ಯಾರೆ ಇತ್ತು.”

“ಬೆಲಿ ಬ್ಯಾಡ್ರಿ ಸರ್. ನಮ್ಮ ಮುತ್ತಜ್ಜ ಸಿಪಾಯಿ ಇದ್ದರೋ ಇಲ್ಲೋ, ಅಷ್ಟ ಹೇಳ್ರಿ.”

“ಪಲ್ಟಣ ಯಾವುದಂತ ಗೊತ್ತಾಗಿದ್ರ ಅದರ ಹಳೇ ದಫ್ತರದಾಗ ಹೆಸರು ಹುಡುಕಬಹುದಿತ್ತು. ಈಗ ಎಲ್ಲಿ ಅಂತ ಹುಡಕೋದ್ರಿ?”

ಅಣ್ಣ ಬಂದೂಕು ಎತ್ತಿಕೊಂಡು ಬಿಲ್ಲೆಯನ್ನು ಮೂಗಿನ ಹತ್ತಿರ ಹಿಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕೈಗೆ ಇನ್ನೂ ಹುಣಸೆಹಣ್ಣು ಮೆತ್ತಿಕೊಂಡಿತ್ತು. ಅವನು ನನ್ನ ಕಡೆ ತಿರುಗಲಿಲ್ಲ.

“ನಾನ ತಿಕ್ಕೇನ್ರಿ ಸರ್,” ಎಂದ. “ವರ್ಷಾ ಖಂಡೇಪೂಜಿಗೆ ತಿಕ್ಕಿ ತಿಕ್ಕಿ ಹೋಗೇತಿ.”

ಎರಡೇ ಹೆಜ್ಜೆ ಹೊರಗೆ ಬಂದು “ನಾನ್ರಿ” ಎನ್ನಬೇಕಿತ್ತು. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ.

ಆಮೇಲೂ ಅವನು ಖಂಡೇಪೂಜೆ ಬಿಡಲಿಲ್ಲ. ಸೇವಂತಿಗೆಯೂ ಬರುತ್ತಿತ್ತು. ಆದರೆ ಬಸಣ್ಣ ಕಾಕಾ ರೊಟ್ಟಿಯ ಮಾತು ತೆಗೆದರೆ, “ಇರಬಹುದು ಕಾಕಾ,” ಎನ್ನತೊಡಗಿದ. ಆ ಉತ್ತರ ಎರಡು ಸಲ ಕೇಳಿದ ಮೇಲೆ ಕಾಕಾನೇ ಆ ಮಾತು ಬಿಟ್ಟ. ಹೊಸ ಪಾತ್ರೆ ತಂದರೆ ಅಣ್ಣ ಮೂಸಿ ನೋಡುವುದನ್ನೂ ನಿಲ್ಲಿಸಿದ. ನನಗೆ ಅದು ಬೈಗುಳಕ್ಕಿಂತ ಜೋರಾಗಿ ಕೇಳಿಸುತ್ತಿತ್ತು.

ಹೋದ ವರ್ಷ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಧೈರ್ಯ ಮಾಡಿ, “ಅಣ್ಣಾ, ಆ ಬಿಲ್ಲೆ...” ಎಂದೆ. “ಕಿಡಕಿ ತಗಿ ಗಂಗಾ, ಝಳಾ ಆಗಾಕತ್ತೈತಿ,” ಎಂದ. ಕಿಟಕಿ ತೆರೆದೇ ಇತ್ತು. ನಾನು ಹೋಗಿ ಅದರ ಮುಂದೆ ನಿಂತು ಬಂದೆ. ನಾಲ್ಕು ದಿನಕ್ಕೆ ಅವನು ಹೋದ.

ಅವನ ಹೆಸರಿನ ಬಂದೂಕು ಮನೆಯಲ್ಲಿ ಇರಬಾರದಂತೆ. ಮೊನ್ನೆ ಇಳಕಲ್ ಸೀರೆ ಸುತ್ತಿ ನಾನೇ ಠಾಣೆಗೆ ಒಯ್ದೆ. ಪೊಲೀಸಪ್ಪ ಒಂದೊಂದೇ ಗುರುತು ನೋಡಿ ಬರೆದುಕೊಂಡ.

“ಬಿಲ್ಲೆಮ್ಯಾಲ ಏನಿಲ್ಲಲ್ಲಬೇ. ಸವದೈತೇನು?”

“ಸವದಿಲ್ರಿ. ನಾ ತಿಕ್ಕೇನಿ. ನಮ್ಮ ಅಣ್ಣ ಅಲ್ರಿ, ನಾನು. ಹಂಗಂತ ಬರ್ಕೊಳ್ರಿ.”

ಅವನು ಪೆನ್ನು ಎತ್ತಿ ನನ್ನನ್ನೊಮ್ಮೆ ನೋಡಿದ. “ಅದನ್ನ ಬರಿಯಾಕ ಇದರಾಗ ಜಾಗಾ ಇಲ್ಲ ಯವ್ವಾ,” ಎಂದು, ಸೀರೆ ಬಿಚ್ಚಿ ನನ್ನ ಕೈಗೆ ಕೊಟ್ಟ.