ದೇವರ ಕುರಿಯೂ ನಿರ್ಮಲಾ ಮೌಶಿಯೂ

ಯಾರಾದರೂ ಪುಸ್ತಕ ಕೇಳಿದರೆ ನಿರ್ಮಲಾ ಮೌಶಿ ಮೊದಲು "ಯಾಕ ಬೇಕು?" ಎನ್ನುತ್ತಿದ್ದರು. ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ. ಸ್ಟೂಲೊಂದನ್ನು ಎಳೆದು ಕೂರಿಸಿ, ಡಾಕ್ಟರು ಕಾಯಿಲೆ ವಿಚಾರಿಸುವ ಹಾಗೆ ಒಂದೊಂದೇ ಕೇಳುತ್ತ ಹೋಗುವರು. ಅವಸರದಲ್ಲಿ ಬಂದ ಹುಡುಗರು ಒಳಗೊಳಗೇ ಹಲ್ಲು ಕಡಿಯುತ್ತಿದ್ದರು. "ಪುಸ್ತಕದ ಹೆಸರು ಹೇಳಿದ್ರ ಜವಾನನೂ ತಂದು ಕೊಡ್ತಾನ. ನಿನ್ನ ಅಡಚಣಿ ಏನದ, ಅದನ್ನ ಹೇಳು," ಎನ್ನುವುದು ಅವರ ಮಾತು.

ಗಡಿಯಾಚೆ, ಮರಾಠಿ ಸೀಮೆಯ ಉದಗೀರದಲ್ಲಿ ವಿದ್ಯಾಪೀಠದ ಉಪಕೇಂದ್ರವಿತ್ತು. ಅದರ ಗ್ರಂಥಾಲಯಕ್ಕೆ ನಾನು ಹೋದದ್ದು ಎಂ.ಕಾಂ. ಪ್ರಾಜೆಕ್ಟಿಗಾಗಿ. ನನ್ನ ತವರು ಆಳಂದದ ಕಡೆ. ಕೊಟ್ಟದ್ದು ಉಮರ್ಗಾ ಹತ್ತಿರದ ತುರೋರಿಗೆ, ಕುರಿ ಸಾಕುವ, ಬೀರಪ್ಪನನ್ನು ನಂಬಿದ ಮನೆಗೆ. ಗಂಡ, ಮೈದುನರು ಹಿಂಡು ಹೊಡೆದುಕೊಂಡು ಹೋದರೆಂದರೆ ತಿಂಗಳುಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ಅತ್ತೆ ಮತ್ತು ನಾನು, ಹೊರಗೆ ಹೆದ್ದಾರಿಯ ಲಾರಿಗಳು. ಅತ್ತೆ ಒಳ್ಳೆಯವರೇ, ಆದರೆ ಮಾತು ಕಡಿಮೆ. ಓದಿದ್ದರ ಬಗ್ಗೆ ಆಡೋಣವೆಂದರೆ ಒಂದು ನರಪಿಳ್ಳೆಯೂ ಇರಲಿಲ್ಲ. ದೀಪಾವಳಿ ರಜೆಯೊಳಗೆ ಪ್ರಾಜೆಕ್ಟು ಮುಗಿದರೆ ನಿಲಂಗಾದ ಜೂನಿಯರ್ ಕಾಲೇಜಿನಲ್ಲಿ ಅಕೌಂಟ್ಸ್ ಕಲಿಸುವ ಕೆಲಸ ಕೊಡುತ್ತೇವೆ ಎಂದಿದ್ದರು, ತಪ್ಪಿದರೆ ಬೇರೆಯವರಿಗೆ. ಆ ಕೆಲಸ ನನಗೆ ಬೇಕೇ ಬೇಕಿತ್ತು. ಸಂಬಳದ ಮಾತು ಆಮೇಲೆ. ದಿನಕ್ಕೆ ನಾಲ್ಕು ಜನರ ಹತ್ತಿರ ಬಾಯಿ ಬಿಡಬಹುದಲ್ಲ ಎಂಬುದೇ ನನ್ನ ಆಸೆ.

ಪ್ರಾಜೆಕ್ಟಿನ ವಿಷಯ ನಮ್ಮದೇ ಕುರಿ ಹಿಂಡಿನ ಲೆಕ್ಕಪತ್ರ. ಗ್ರಂಥಾಲಯದ ಕಂಪ್ಯೂಟರಿನಲ್ಲಿ "ಕುರಿ" ಎಂದು ಹುಡುಕಿದೆ. ಗೊರಸಿನ ರೋಗ ಬಂತು, ಹೊಟ್ಟೆಹುಳದ ಔಷಧ ಬಂತು, ಉಣ್ಣೆ ಕತ್ತರಿಸುವ ಕ್ರಮ ಬಂತು. "ಕುರಿ ಸಿಕ್ಕಾವ, ಲೆಕ್ಕ ಎಲ್ಲಿ ಹೋತು?" ಎಂದು ನನ್ನಷ್ಟಕ್ಕೇ ಗೊಣಗಿದೆ.

"ನಮ್ಮ ಕಡಿಯಾಕಿ ಏನವ್ವಾ ನೀ?" ಎಂದು ಹಿಂದಿನಿಂದ ದನಿ ಬಂತು. ತಿರುಗಿದರೆ ಎತ್ತರದ ಹೆಂಗಸು, ಬಿಳಿಯಾದ ತುರುಬು, ಕೊರಳಿಗೆ ಕಪ್ಪು ದಾರದಲ್ಲಿ ಇಳಿಬಿಟ್ಟ ಕನ್ನಡಕ. ಅವರೇ ಗ್ರಂಥಪಾಲಕಿ ನಿರ್ಮಲಾ. ಎಲ್ಲರೂ ಚಿಕ್ಕಮ್ಮನ ಹಾಗೆ ಮೌಶಿ ಎಂದೇ ಕರೆಯುತ್ತಿದ್ದರು. ತವರು ಭಾಲ್ಕಿ, ಕೊಟ್ಟದ್ದು ದೇವಣಿಗೆ. ಗಂಡ ಸಣ್ಣ ವಯಸ್ಸಿನಲ್ಲೇ ಹೋದರು, ಮಕ್ಕಳಿಲ್ಲ. ಉದಗೀರದ ಕೋಟೆ ಕಡೆ ಒಂದು ಬಾಡಿಗೆ ಖೋಲಿ. ಇಷ್ಟನ್ನೂ ಅವರು ಆವತ್ತೇ ಹೇಳಿಬಿಟ್ಟರು. ಕನ್ನಡದಲ್ಲಿ ಮಾತಾಡಿ ಎಷ್ಟು ಕಾಲವಾಗಿತ್ತೋ ಏನೋ, ಪಾಪ.

"ನೀ ಕುರಿ ಹುಡುಕಬ್ಯಾಡ. ಲೆಕ್ಕದವರು ಕುರಿಗೆ ಏನಂತ ಕರೀತಾರ, ಅದನ್ನ ಹುಡುಕು," ಎಂದರು. ಲೆಕ್ಕಪತ್ರ ಮಾನದಂಡಗಳ ದಪ್ಪ ಸಂಪುಟ ತೆಗೆದು ಕೊನೆಯ ಪುಟಗಳ ವಿಷಯಸೂಚಿಯಲ್ಲಿ ಬೆರಳಾಡಿಸಿದರು. ಕೃಷಿಗೆಂದೇ ಒಂದು ಮಾನದಂಡವಿತ್ತು. ಅದರಲ್ಲಿ ಜೀವಂತ ಪ್ರಾಣಿಗೆ "ಜೈವಿಕ ಆಸ್ತಿ" ಎಂಬ ಹೆಸರು. ಅದೇ ಪದ ಹಾಕಿ ಹುಡುಕಿದಾಗ ಲೇಖನಗಳು, ಹೈನುಗಾರಿಕೆ ಕಂಪನಿಗಳ ವಾರ್ಷಿಕ ವರದಿಗಳು ಸಾಲಾಗಿ ಬಂದವು. ಅವು ಆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುವಂಥವು. "ನನಗ ಜಮಾ-ಖರ್ಚು ಒಂದಕ್ಷರ ತಿಳಿಯಂಗಿಲ್ಲ ನೋಡು. ಎಲ್ಲಿ ಅದ ಅನ್ನೋದು ಅಷ್ಟ ಗೊತ್ತು," ಎಂದು ನಕ್ಕರು. ನಾನೂ ನಕ್ಕೆ. ಬಹಳ ದಿನದ ಮೇಲೆ ನಕ್ಕಿದ್ದೆ.

ಅಲ್ಲಿಂದ ಮಂಗಳವಾರ ಬಂತೆಂದರೆ ನನ್ನ ಸವಾರಿ ಉದಗೀರಕ್ಕೆ. ಉಮರ್ಗಾದಲ್ಲಿ ಎಸ್.ಟಿ. ಹತ್ತಿ, ನಿಲಂಗಾದಲ್ಲಿ ಇಳಿದು, ದೇವಣಿ ಮೇಲಿನ ಬಸ್ಸು ಹಿಡಿಯಬೇಕು. ಮಧ್ಯಾಹ್ನ ಹಿಂದಿನ ಖೋಲಿಯಲ್ಲಿ ಇಬ್ಬರ ಡಬ್ಬಿಯೂ ಬಿಚ್ಚಿಕೊಳ್ಳುತ್ತಿತ್ತು. ಅವರದು ಜೋಳದ ರೊಟ್ಟಿ, ಪುಂಡಿಪಲ್ಯ. ನನ್ನದು ರೊಟ್ಟಿ, ಶೇಂಗಾಹಿಂಡಿ. ಮೌಶಿ ಮಾತಿಗೆ ಶುರು ಹಚ್ಚಿದರೆ ರೊಟ್ಟಿ ಕೈಯಲ್ಲೇ ಒಣಗುತ್ತಿತ್ತು. ಭಾಲ್ಕಿಯ ಓಣಿ, ಅವರ ಅವ್ವನ ಬೈಗುಳ, ದೇವಣಿಯ ಮಾವನ ಹೋರಿಗಳು. ಮಾವ ಸೊಸೆಗಿಂತ ಹೋರಿಯನ್ನೇ ಹೆಚ್ಚು ಮಾತಾಡಿಸುತ್ತಿದ್ದರಂತೆ. "ಈಗ ಹೋರಿ ಇದ್ರೂ ಛಲೋ ಇತ್ತು ತಂಗಿ, ಮಾತಾಡಸ್ತಿದ್ದೆ," ಎನ್ನುತ್ತಿದ್ದರು.

ಪ್ರಾಜೆಕ್ಟು ನಿಂತದ್ದು ದೇವರ ಕುರಿಯಲ್ಲಿ. ಹರಕೆ ಹೊತ್ತ ಮರಿಯ ಕಿವಿ ಕತ್ತರಿಸಿ ಬೀರಪ್ಪನ ಹೆಸರಲ್ಲಿ ಬಿಡುವುದು ನಮ್ಮ ಮನೆಯ ರೂಢಿ. ಅದು ನಮ್ಮ ಹಿಂಡಿನಲ್ಲೇ ಮೇಯುತ್ತದೆ, ನಮ್ಮ ಹಟ್ಟಿಯಲ್ಲೇ ಮಲಗುತ್ತದೆ. ಆದರೆ ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಅದರ ಉಣ್ಣೆ ದೇವರ ಕಂಬಳಿಗೆ. ನಾನು ಅವನ್ನೂ ನಮ್ಮ ಆಸ್ತಿಯೆಂದು ಬರೆದಿದ್ದೆ. ಓದಿ ಹೇಳಿದಾಗ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. "ಬೀರಪ್ಪಂದು ನಮ್ಮದಂತ ಬರದೇನವ್ವಾ? ಅಳಿಸು ಮದಲ," ಎಂದರು. ಅಳಿಸಿದೆ. ಪ್ರಾಜೆಕ್ಟು ನೋಡುವ ಗೈಡ್ ಸರ್ ಒಪ್ಪಲಿಲ್ಲ. "ಮಾಲಕ್ ಕೋಣ? ತೇ ಆಧೀ ಸಾಂಗ," ಒಡೆಯ ಯಾರೆಂದು ಮೊದಲು ಹೇಳು ಎಂದರು. ಆಧಾರದ ಸಮೇತ ಬರೆಯದಿದ್ದರೆ ಸಹಿ ಹಾಕುವುದಿಲ್ಲವೆಂದೂ ಸೇರಿಸಿದರು.

ಮೌಶಿ ಕಣ್ಣು ಮುಚ್ಚಿ ಕೇಳಿದರು. "ಲೆಕ್ಕದ ಕಪಾಟಿನ್ಯಾಗ ಸಿಗಲಿಲ್ಲ ಅಂದ್ರ ಪ್ರಶ್ನಿನೇ ಬ್ಯಾರೆ ಕಪಾಟಿಂದು ಇರ್ತದ. ದೇವರ ಹೊಲ ಇರ್ತಾವಲ್ಲ, ಪೂಜಾರಿ ಉಳತಾನ, ಖರೆ ಅವನವು ಅಲ್ಲ. ಹಂಗ ಇದು. ಕಾಯ್ದೆದ ಕಡೆ ನೋಡಬೇಕು, ದೇವಸ್ಥಾನ, ಟ್ರಸ್ಟು," ಎಂದರು. ಒಂದು ಪುಸ್ತಕದ ಹೆಸರನ್ನೂ ಹೇಳಿದರು. "ಆದ್ರ ಅದು ಹೊರಗ ಹೋಗ್ಯಾದ. ಯಾರೋ ವಕೀಲಿ ಓದಾಂವ ಒಯ್ದಾನ. ಬರೋ ಮಂಗಳವಾರ ಬಾ."

ಮುಂದಿನ ಮಂಗಳವಾರವೂ ಪುಸ್ತಕ ಬಂದಿರಲಿಲ್ಲ. ಅದರ ಮುಂದಿನ ಮಂಗಳವಾರವೂ ಇಲ್ಲ. ರೊಟ್ಟಿ ತಿಂದೆವು, ಮಾತಾಡಿದೆವು. ಆ ವಕೀಲಿ ಓದುವವನಿಗೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಮೌಶಿ ಡಬ್ಬಿಯ ಮುಚ್ಚಳ ಒರೆಸುತ್ತಿದ್ದರು. ದೀಪಾವಳಿ ಹತ್ತಿರ ಬರುತ್ತಿತ್ತು.

ಒಂದು ಮಂಗಳವಾರ ಹೋದಾಗ ಮೌಶಿ ಕುರ್ಚಿಯಲ್ಲಿರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾರೆ ಎಂದು ಜವಾನ ಹೇಳಿದ. ಸುಮ್ಮನೆ ಕೂರಲಾರದೆ, ಅವರು ಕಲಿಸಿದ ಹಾಗೆ ಪುಸ್ತಕದ ನಂಬರು ಬರೆದುಕೊಂಡು ಕಾಯ್ದೆಯ ಕಪಾಟಿಗೆ ನಾನೇ ಹೋದೆ. ಪುಸ್ತಕ ಅಲ್ಲೇ ಇತ್ತು, ತನ್ನ ಜಾಗದಲ್ಲಿ. ಮೇಲೆ ದಪ್ಪ ಧೂಳು. ಯಾರೂ ಒಯ್ದಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ನನ್ನ ಪಾಡು, ಅದೂ ನಾನು ನಂಬಿದವರ ಕೈಯಿಂದ. ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಮೌಶಿ ಬಂದರು. ಕೆನ್ನೆ ಊದಿತ್ತು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದರು.

"ಸಿಕ್ತೇನು?"

"ಸಿಕ್ತು ಮೌಶಿ. ಇಲ್ಲೇ ಇತ್ತಲ್ರೀ."

"ಹೂಂ," ಎಂದು ಸ್ಟೂಲಿನ ಮೇಲೆ ಕುಳಿತರು. ಆಮೇಲೆ ನೆಲ ನೋಡುತ್ತ ಹೇಳಿದರು: "ಎಷ್ಟೋ ಮಂದಿಗೆ ಹುಡುಕಿ ಕೊಟ್ಟೀನಿ ರೇಖಾ. ಸಿಕ್ಕ ಮ್ಯಾಲ ಯಾರೂ ಬರಂಗಿಲ್ಲ. ನೀನರ ಇನ್ನೊಂದೆರಡು ವಾರ ಬರಲಿ ಅಂದೆ. ತಪ್ಪಾತು ಯವ್ವಾ."

ಬೈಯಬೇಕೆಂದು ಎಷ್ಟೋ ಮಾತು ಕೂಡಿಸಿಕೊಂಡಿದ್ದೆ. ಆದರೆ ಮಾತಾಡಲು ಜನವಿಲ್ಲದ ಅವರ ಪಾಡೇ ನನ್ನದೂ ಆಗಿತ್ತಲ್ಲ, ಯಾರನ್ನು ಬೈಯಲಿ? ಆವತ್ತು ಸಂಜೆಯವರೆಗೆ ಇಬ್ಬರೂ ಕೂತು ಪುಸ್ತಕ ಓದಿದೆವು. ದೇವರ ಪರವಾಗಿ ಕಾಯುವವನು ಒಡೆಯನಲ್ಲ ಎಂಬ ಮಾತು ಸಿಕ್ಕಿತು. ದೇವರ ಕುರಿಗಳನ್ನು ಆಸ್ತಿಯಿಂದ ತೆಗೆದು, ಕೆಳಗೆ ಟಿಪ್ಪಣಿಯಾಗಿ ಬೇರೆ ಬರೆದೆ. ಸರ್ ಸಹಿ ಹಾಕಿದರು. ಅತ್ತೆಗೂ ಸಮಾಧಾನವಾಯಿತು.

ಕೆಲಸ ಸಿಕ್ಕಿತು. ಪೇಡೆ ಒಯ್ದು ಕೊಟ್ಟೆ. ಮೌಶಿ ಅರ್ಧ ತಿಂದು ಅರ್ಧ ನನ್ನ ಬಾಯಿಗೆ ಇಟ್ಟರು. "ಮುಂದ ಏನು ಓದ್ತಿ?" ಎಂದರು. ಓದುವುದು ಮುಗಿಯಿತು ಮೌಶಿ, ಇನ್ನು ಕಲಿಸುವುದು ಎಂದೆ. "ಛಲೋ ಆತು," ಎಂದು ಬಸ್ ಸ್ಟ್ಯಾಂಡಿನವರೆಗೂ ಬಂದರು. ಬಸ್ಸು ಬಿಡುವವರೆಗೆ ಕಿಟಕಿಯ ಸರಳು ಹಿಡಿದು ನಿಂತಿದ್ದರು.

ಕಾಲೇಜಿಗೆ ಮೊದಲ ದೊಡ್ಡ ರಜೆ ಬಿದ್ದ ಕೂಡಲೇ ಹೊರಟೆ. ಬರಿಗೈಯಲ್ಲಿ ಹೋದರೆ "ಯಾಕ ಬೇಕು?" ಎಂದು ಕೇಳುವುದಕ್ಕೆ ಅವರಿಗೆ ಏನೂ ಇರುವುದಿಲ್ಲವೆಂದು, ಬಸ್ಸಿನಲ್ಲಿ ಕೂತು ಒಂದು ಪ್ರಶ್ನೆ ಹೊಸೆದೆ. ಸತ್ತ ಕುರಿಯ ನಷ್ಟವನ್ನು ಯಾವ ವರ್ಷಕ್ಕೆ ಬರೆಯಬೇಕು ಎಂಬುದೇನೋ ಒಂದು. ಉತ್ತರ ನನಗೇ ಗೊತ್ತಿತ್ತು.

ಕುರ್ಚಿಯಲ್ಲಿ ಒಬ್ಬ ತರುಣ ಕುಳಿತಿದ್ದ. ಮ್ಯಾಡಮ್ ನಿವೃತ್ತರಾದರು, ಖೋಲಿಯನ್ನೂ ಬಿಟ್ಟರಂತೆ, ಎಲ್ಲಿಗೆ ಹೋದರೋ ಗೊತ್ತಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ಮೌಶಿಯ ನಂಬರಿಗೆ ಫೋನು ಹಚ್ಚಿ ನೋಡಿದೆ. ಆ ನಂಬರು ಬಳಕೆಯಲ್ಲಿರಲಿಲ್ಲ. ಬಂದ ಕೆಲಸವೇನು ಎಂದು ಅವನು ಮರ್ಯಾದೆಯಿಂದಲೇ ಕೇಳಿದ. ಪ್ರಶ್ನೆ ಹೇಳಿದೆ. ನಾನು ಕೂರುವುದರೊಳಗೆ ಉತ್ತರ ಹುಡುಕಿ, ಪ್ರಿಂಟು ತೆಗೆದು ಕೈಗೆ ಕೊಟ್ಟ.

"ಆಣಖೀ ಕಾಹೀ?" ಇನ್ನೇನಾದರೂ ಬೇಕೇ ಎಂದ.

ಮರಳುವ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಇನ್ನೊಂದೇನಾದರೂ ಕೇಳೋಣವೆಂದು ಅಲ್ಲೇ ನಿಂತೆ. ಒಂದೂ ಹೊಳೆಯಲಿಲ್ಲ.