ಈರಬಸಪ್ಪನವರ ಟ್ಯಾಂಕಿನಲ್ಲಿ ಪಾಚಿ

ಪುಣೆಯ ರವಿವಾರ ಪೇಟೆಯಲ್ಲಿ ಗುಳೇದಗುಡ್ಡದ ಖಣ ಮಾರುವ ಈರಬಸಪ್ಪನವರಿಗೆ ಮನುಷ್ಯರ ಮೇಲೆ ನಂಬಿಕೆ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ನಂಬಿಕೆ ಇತ್ತು, ಉದ್ರಿ ಮಾತ್ರ ಕೊಡುತ್ತಿರಲಿಲ್ಲ. ಕೈಮಗ್ಗದ ಖಣ ಯಾವುದು, ಮಶಿನ್ನಿನದು ಯಾವುದು ಎಂದು ಕಣ್ಣು ಮುಚ್ಚಿಕೊಂಡು ಎರಡು ಬೆರಳಲ್ಲಿ ತಿಕ್ಕಿ ಹೇಳುವ ಆಸಾಮಿ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ ಎನ್ನುವುದು ಅವರ ಹಿಶೇಬು.

ಇಂಥವರ ಮನೆಗೆ ದೌಂಡಿನ ರೇಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಮರಾಠಿ ಹುಡುಗಿ ಶಿವಾನಿ ಸೊಸೆಯಾಗಿ ಬಂದಳು. ತವರಿನ ಪಾತ್ರೆ ಪಗಡದ ಜೊತೆ ಒಂದು ಉಪ್ಪುನೀರಿನ ಟ್ಯಾಂಕೂ ಬಂತು. ಅದರೊಳಗೆ ಬಿಳಿ ಪಟ್ಟಿಯ ಎರಡು ಕೆಂಪು ಮೀನು, ಬೆರಳುಬೆರಳಾಗಿ ಅರಳುವ ಹವಳದ ಒಂದು ಗೊಂಚಲು.

"ಈ ಹವಳಾ ಹೆಬ್ಬಟ್ಟಿನಷ್ಟ ಇದ್ದಾಗಿಂದ ನಾನ ಬೆಳೆಸೀನಿ, ಬಾಬಾ," ಎಂದಳು ಶಿವಾನಿ, ಕಲಿತ ಕನ್ನಡದಲ್ಲಿ.

"ಕಲ್ಲು ಬೆಳೀತದಂತ, ಕೇಳಿದೇನು?" ಎಂದು ಈರಬಸಪ್ಪ ಹೆಂಡತಿ ಕಾಶವ್ವನ ಕಡೆ ಹುಬ್ಬೇರಿಸಿದರು.

ತಿಂಗಳೊಪ್ಪತ್ತಿನಲ್ಲಿ ಅದೇ ಈರಬಸಪ್ಪ ಅಂಗಡಿಯಿಂದ ಬಂದವರೇ ಚಪ್ಪಲಿ ಬಿಟ್ಟು ಸೀದಾ ಟ್ಯಾಂಕಿನ ಮುಂದೆ ಕೂಡತೊಡಗಿದರು. ಚಹಾ ಅಲ್ಲಿಗೇ ಹೋಗಬೇಕು. "ಮೀನು ಮಾತಾಡೂದಿಲ್ಲ. ಅದಕ್ಕ ಸುಳ್ಳು ಹೇಳ್ತಾವಂತ ಇವರಿಗೆ ಸಂಶಯ ಬರೂದಿಲ್ಲ," ಎಂದು ಕಾಶವ್ವ ನಗುತ್ತಿದ್ದಳು.

ಶಿವಾನಿಗೆ ಆಫೀಸಿನ ಕೆಲಸ ಹೆಚ್ಚಾದಾಗ ಟ್ಯಾಂಕಿನ ಗಾಜು ಒರೆಸುವ ಕೆಲಸವನ್ನು ಮಾವ ತಾವೇ ಮೈಮೇಲೆ ಹಾಕಿಕೊಂಡರು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆಗೂ ತೋಳಿಗೂ ಮುಂಗೈಗೂ ವಿಭೂತಿ. ಆಮೇಲೆ ಮೀನಿನ ಸೇವೆ. ಮೈಲಿಗೆಯ ಕೈ ಜೀವಗಳಿಗೆ ತಾಗಬಾರದು ಎಂಬ ನೇಮ.

ಆ ಹೊತ್ತಿಗೇ ಪಾಚಿ ಶುರುವಾಯಿತು. ಮೊದಲು ಗಾಜಿನ ಮೂಲೆಯಲ್ಲಿ ಹಸಿರು ನುಸಿಯಂತೆ, ಆಮೇಲೆ ಕಲ್ಲಿನ ಮೇಲೆ ಕೂದಲಿನಂತೆ. ಈರಬಸಪ್ಪ ಕಿತ್ತಷ್ಟೂ ಬೆಳೆಯಿತು. ಶಿವಾನಿ ದೀಪ ಉರಿಸುವ ಹೊತ್ತು ಕಡಿಮೆ ಮಾಡಿದಳು, ನೀರು ಬದಲಿಸಿದಳು, ಪಾಚಿ ತಿನ್ನುವ ಶಂಖದಹುಳು ತಂದು ಬಿಟ್ಟಳು. ಪಾಚಿ ಜಗ್ಗಲಿಲ್ಲ. ಹವಳ ಬೆರಳು ಮಡಚಿಕೊಂಡು ಕೂತಿತು.

"ಇಲ್ಲೇ ಇಟ್ಟರ ಹವಳ ಸಾಯ್ತದ, ಬಾಬಾ. ನನ್ನ ಗೆಳತಿ ನೀಲಿಮಾನ ಮನ್ಯಾಗ ದೊಡ್ಡ ಟ್ಯಾಂಕ ಅದ, ನೀರು ಸ್ವಚ್ಛ ಅದ. ಈ ರವಿವಾರ ಸಂಜೀಕೆ ಗಾಡಿ ತಂದು ಎಲ್ಲಾ ಒಯ್ಯತಾಳ. ಮೀನೂ."

ಈರಬಸಪ್ಪ "ಆತು" ಎಂದರು. ಆದರೆ ಅಂದಿನ ಚಹಾ ಆರಿ ಹೋಯಿತು.

ಮಾಲು ಕೆಟ್ಟರೆ ವ್ಯಾಪಾರಸ್ಥ ಮೊದಲು ಕೇಳುವ ಪ್ರಶ್ನೆ ಒಂದೇ: ಯಾರ ಕೈವಾಡ? ಮೊದಲ ಸಂಶಯ ಕಾಶವ್ವನ ಮೇಲೆ. ಉಣ್ಣುವ ಮೊದಲು ಮೂಕಪ್ರಾಣಿಗೆ ಒಂದು ಚಿಟಿಕೆ ಹಾಕುವುದು ಅವಳ ರೂಢಿ. ಹೆಚ್ಚಾದ ಆಹಾರ ಕೊಳೆತರೆ ಪಾಚಿಗೆ ಹಬ್ಬ ಎಂದು ಶಿವಾನಿ ಹೇಳಿದ್ದಳು. ಈರಬಸಪ್ಪ ಆಹಾರದ ಡಬ್ಬಿಯನ್ನು ಅಂಗಡಿಗೆ ಒಯ್ದು ಖಣದ ಥಾನುಗಳ ಹಿಂದೆ ಬಚ್ಚಿಟ್ಟರು.

"ಇಷ್ಟ ವರ್ಷ ನಿಮಗ ಉಣ್ಣಾಕ ಹಾಕೀನಿ. ನಿಮ್ಮ ಮೈಮ್ಯಾಲೆ ಎಲ್ಲೆರ ಪಾಚಿ ಬೆಳದದೇನ್ರಿ?" ಎಂದಳು ಕಾಶವ್ವ.

ಡಬ್ಬಿ ಅಂಗಡಿ ಸೇರಿದರೂ ಪಾಚಿ ಕಡಿಮೆಯಾಗಲಿಲ್ಲ. ಹಾಗಾದರೆ ಉಳಿದವನು ಸ್ವಪ್ನಿಲ್. ಟಿಳಕ ರಸ್ತೆಯ ಹತ್ತಿರ ಸಾಕುಮೀನಿನ ಅಂಗಡಿ ಇಟ್ಟವನು. ಟ್ಯಾಂಕಿಗೆ ಹಾಕುವ ಉಪ್ಪು ಮಾರುವವನು ಅವನು, ಪಾಚಿ ಬಂದರೆ ಔಷಧ ಮಾರುವವನೂ ಅವನೇ. ಬೇನೆಯೂ ಮದ್ದೂ ಒಂದೇ ಅಂಗಡಿಯಲ್ಲಿ! ಇಷ್ಟು ಸರಳ ದಂಧೆ ತನಗೆ ತಡವಾಗಿ ಹೊಳೆಯಿತಲ್ಲ ಎಂದು ಈರಬಸಪ್ಪನವರಿಗೆ ನಾಚಿಕೆಯಾಯಿತು.

ರವಿವಾರ ಪೂಜೆ ಮುಗಿಸಿದವರೇ ಸಣ್ಣ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟರು. ಒಂದರಲ್ಲಿ ಟ್ಯಾಂಕಿನ ನೀರು, ಒಂದರಲ್ಲಿ ಮನೆಯ ಫಿಲ್ಟರಿನ ನೀರು, ಇನ್ನೊಂದರಲ್ಲಿ ಅದೇ ನೀರಿಗೆ ಸ್ವಪ್ನಿಲ್‌ನ ಉಪ್ಪು.

ಸ್ವಪ್ನಿಲ್ ಆಗಷ್ಟೇ ಶಟರು ಎತ್ತಿ ಗಣಪತಿಗೆ ಊದಿನಕಡ್ಡಿ ಹಚ್ಚುತ್ತಿದ್ದ. ಮಾತೆಲ್ಲ ಮರಾಠಿಯಲ್ಲಿ, ಬೈಗುಳವನ್ನು ಮಾತ್ರ ಈರಬಸಪ್ಪ ಕನ್ನಡಕ್ಕೆ ಮೀಸಲಿಟ್ಟಿದ್ದರು.

"ತಪಾಸ ಮಾಡು. ನನ್ನ ಕಣ್ಣೆದುರಿಗೆ."

ಸ್ವಪ್ನಿಲ್ ಗಾಜಿನ ನಳಿಗೆಗಳಲ್ಲಿ ನೀರು ಹಾಕಿ, ಮೇಲೆ ಔಷಧದ ಹನಿ ಬಿಟ್ಟ. "ಫಾಸ್ಫೇಟ್ ಇದ್ದರೆ ನೀಲಿ ಆಗುತ್ತದೆ ಕಾಕಾ. ಪಾಚಿಗೆ ಅದೇ ಗೊಬ್ಬರ." ಫಿಲ್ಟರಿನ ನೀರು ತಿಳಿಯಾಗಿಯೇ ಉಳಿಯಿತು. ಉಪ್ಪಿನ ನೀರೂ ತಿಳಿ. ಟ್ಯಾಂಕಿನದು ಕಡುನೀಲಿ.

"ನನ್ನ ನೀರಿನ ನಳಿಗ್ಯಾಗ ನೀನ ಏನರ ಹಾಕಿರಬೇಕು."

"ಹಾಗಿದ್ದರೆ ನನ್ನ ಕ್ಯಾನಿನ ಶುದ್ಧ ನೀರು ನೀವೇ ತುಂಬಿರಿ. ನಾನು ಮುಟ್ಟುವುದಿಲ್ಲ."

ಈರಬಸಪ್ಪ ಅಂಗಿಯ ತೋಳು ಮಡಚಿ, ಅಗಲ ಬಾಯಿಯ ಕ್ಯಾನಿನೊಳಗೆ ಕೈಯಿಳಿಸಿ ಬೊಗಸೆಯಲ್ಲಿ ನೀರೆತ್ತಿ ನಳಿಗೆಗೆ ಸುರಿದರು. ಸ್ವಪ್ನಿಲ್ ಹನಿ ಬಿಟ್ಟ. ನೀರು ನಿಧಾನಕ್ಕೆ ನೀಲಿಗೆ ತಿರುಗಿತು.

"ಸಿಕ್ಕಿಬಿದ್ದಿ ಮಗನ!" ಈ ಸಲ ಅಪ್ಪಟ ಕನ್ನಡ. "ನಿನ್ನ ಶುದ್ಧ ನೀರೂ ನೀಲಿ! ನಿನ್ನ ಔಷಧಾನ ಖೋಟಾ!"

ಸ್ವಪ್ನಿಲ್ ತಲೆ ಕೆರೆದುಕೊಂಡು, ತೆರೆಯದ ಇನ್ನೊಂದು ಕ್ಯಾನಿನ ಮುಚ್ಚಳ ಬಿಚ್ಚಿ ತಾನೇ ತುಂಬಿ ನೋಡಿದ. ತಿಳಿ. ಈರಬಸಪ್ಪ ಅದೇ ಕ್ಯಾನಿಗೆ ಕೈ ಹಾಕಿ ತುಂಬಿದರು. ನೀಲಿ. ಸ್ವಪ್ನಿಲ್‌ನ ಕಣ್ಣು ಮುದುಕರ ಮುಂಗೈ ಮೇಲೆ ನಿಂತಿತು. ಮೂರು ಬಿಳಿ ಗೆರೆಗಳಿದ್ದ ಜಾಗದಲ್ಲಿ ಈಗ ತೊಳೆದ ಚರ್ಮ.

"ಕಾಕಾ, ಕೈಗೆ ಹಚ್ಚಿಕೊಂಡದ್ದು ಏನು?"

"ವಿಭೂತಿ. ದೇವರ ಮ್ಯಾಲೆ ಆರೋಪ ಹೊರಸ್ತೀಯೇನು?"

"ನಮ್ಮ ಮನೆಯಲ್ಲೂ ಭಸ್ಮ ಹಚ್ಚುತ್ತಾರೆ," ಎಂದು ಸ್ವಪ್ನಿಲ್ ಗಣಪತಿಯ ಗೂಡಿನಿಂದ ತನ್ನ ಭಸ್ಮದ ಪುಡಿಕೆ ತೆಗೆದು ಒಂದು ಚಿಟಿಕೆ ನೀರಿಗೆ ಹಾಕಿ ಹನಿ ಬಿಟ್ಟ. ನೀರು ಬೆಳ್ಳಗಾಯಿತು, ನೀಲಿಯಾಗಲಿಲ್ಲ. ಈರಬಸಪ್ಪ ಹಣೆಯಿಂದ ಉಗುರಿನಷ್ಟು ಕೆರೆದು ಇನ್ನೊಂದು ನಳಿಗೆಗೆ ಹಾಕಿದರು. ಕಡುನೀಲಿ.

ಈರಬಸಪ್ಪ ಸ್ವಪ್ನಿಲ್‌ನ ಪುಡಿಕೆಯನ್ನು ಎಳೆದುಕೊಂಡು ಎರಡು ಬೆರಳಲ್ಲಿ ತಿಕ್ಕಿದರು. ಮುಖ ಅರಳಿತು. "ಹುಚ್ಚಪ್ಪಾ, ಇದು ಭಸ್ಮ ಅಲ್ಲ, ಸುಣ್ಣದಪುಡಿ. ನಿನಗ ಟೊಪ್ಪಿಗಿ ಹಾಕ್ಯಾರ! ನಂದು ನೋಡು, ಇಳಕಲ್ಲಿನ ನನ್ನ ತಂಗೀ ಮನ್ಯಾಗ ಆಕಳ ಕುಳ್ಳು ಸುಟ್ಟು ಮಾಡಿದ್ದು. ನಿನ್ನ ಔಷಧಾನ ಸಾಕ್ಷಿ ಹೇಳ್ತು."

"ಹೌದು ಕಾಕಾ, ಅಪ್ಪಟ ಮಾಲು. ಬೂದಿ ಒಳ್ಳೆಯ ಗೊಬ್ಬರ. ದಿನಾ ಬೆಳಿಗ್ಗೆ ಪಾಚಿಗೆ ನೀವೇ ಪ್ರಸಾದ ಹಂಚಿದ್ದೀರಿ."

ಗೆದ್ದ ಮುಖ ಅಲ್ಲೇ ಇಳಿಯಿತು.

ಮನೆಗೆ ಬಂದಾಗ ಶಿವಾನಿ ಮೀನು ಒಯ್ಯಲು ಬಕೆಟ್ ತೊಳೆಯುತ್ತಿದ್ದಳು. ಈರಬಸಪ್ಪ ಟ್ಯಾಂಕಿಗೂ ಅವಳಿಗೂ ನಡುವೆ ನಿಂತರು.

"ನೀಲಿಮಾಗ ಬರಬ್ಯಾಡ ಅಂತ ಫೋನ್ ಮಾಡವಾ. ಪಾಚಿ ಹೋಗ್ತದ."

ಶಿವಾನಿ ಅವರನ್ನು ಮೇಲೆ ಕೆಳಗೆ ನೋಡಿದಳು. "ಸ್ವಪ್ನಿಲ್ ಹೊಸಾ ಔಷಧ ಮಾರಿದ್ನೇನು?"

"ಇಲ್ಲ."

"ಮತ್ತ? ನಿಮ್ಮ ಮಾತು ನಂಬಿ ಇಟಗೊಂಡು, ಹವಳ ಸತ್ತರ?"

ಅನುಮಾನದ ಕಣ್ಣನ್ನು ಇಷ್ಟು ಹತ್ತಿರದಿಂದ, ಅದೂ ಎದುರಿನ ಬದಿಯಿಂದ ಅವರು ನೋಡಿದ್ದು ಇದೇ ಮೊದಲು. ಮುಂಗೈ ಚಾಚಿ ತೊಳೆದುಹೋದ ಗೆರೆಯ ಜಾಗ ತೋರಿಸಿದರು. ಆಮೇಲೆ ತುಂಡುತುಂಡಾಗಿ ಸಂಗತಿ ಹೊರಬಂತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ನನ್ನ ಡಬ್ಬಿ ಮೊದಲ ತಂದು ಕೊಡ್ರಿ," ಎಂದಳು.

ಶಿವಾನಿ ನಗಲಿಲ್ಲ. ಬಕೆಟನ್ನು ಮಗುಚಿಟ್ಟು ಫೋನ್ ಕೈಗೆತ್ತಿಕೊಂಡಳು.

ಈಗ ಟ್ಯಾಂಕಿನ ಸೇವೆ ಪೂಜೆಗೆ ಮುಂಚೆ, ಬರೇ ನೀರಿನಲ್ಲಿ ಕೈ ತೊಳೆದು. ಪಾಚಿ ಒಮ್ಮೆಲೇ ಹೋಗಲಿಲ್ಲ. ಹಳೆಯ ಬ್ರಶ್ಶಿನಿಂದ ಈರಬಸಪ್ಪ ಎಳೆಎಳೆಯಾಗಿ ಕಿತ್ತರು, ಶಿವಾನಿ ವಾರವಾರ ನೀರು ಬದಲಿಸಿದಳು. ಹವಳ ಮೊದಲು ಒಂದು ಬೆರಳು ಬಿಚ್ಚಿತು, ಆಮೇಲೆ ಉಳಿದವು. ಕೊನೆಗೆ ಸ್ವಪ್ನಿಲ್‌ನ ಅಂಗಡಿಯಲ್ಲಿ ಹನಿ ಬಿಟ್ಟರೂ ಟ್ಯಾಂಕಿನ ನೀರು ತಿಳಿಯಾಗಿಯೇ ಉಳಿಯಿತು.

ಈರಬಸಪ್ಪ ಅವನ ಬೆನ್ನು ತಟ್ಟಿದರು, ಶಾಭಾಸ್ ಎಂದರು. ಹಾಗೇ ಆಟೋ ಹಿಡಿದು, ಅದೇ ಬಾಟಲಿಯನ್ನು ಕ್ಯಾಂಪ್ ಬಡಾವಣೆಯ ಇನ್ನೊಂದು ಅಂಗಡಿಗೆ ಒಯ್ದು ಮತ್ತೊಮ್ಮೆ ತಪಾಸ ಮಾಡಿಸಿದರು.